ಅಳುವಿಗೂ ಜಾಗವಿದ್ದ ಮದುವೆ

ನನ್ನ ಗುರುವಾರಗಳು ಗುಡ್ಡದ ಮೇಲಿನ ತಾಂಡಕ್ಕೆ ಮೀಸಲು. ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ಮನೆಯಲ್ಲೇ ಕಾಗದಪತ್ರದ ಕೆಲಸ, ಶುಕ್ರವಾರ ಜಗಳೂರು ಕಡೆಯ ಹಳ್ಳಿಗಳು, ಭಾನುವಾರ ನ್ಯಾಮತಿ ತಾಲ್ಲೂಕಿನ ಗುಡ್ಡದ ಬುಡದಲ್ಲಿರುವ ನಮ್ಮ ಚಿಕ್ಕ ಚರ್ಚಿನಲ್ಲಿ ಆರಾಧನೆ. ಬೇರೆ ಸಭಾಪಾಲಕರು ಸಿಗುವ ತನಕ ನೋಡಿಕೊಳ್ಳಿ ಎಂದು ನಿವೃತ್ತಿಯ ನಂತರ ಮೇಲಿನವರು ಒಪ್ಪಿಸಿದ ಕೆಲಸ ಇದು. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಬೋರ್ಡಿಂಗಿನಲ್ಲಿ ಬೆಳೆದವನು ನಾನು. ವಾರವನ್ನು ಹೀಗೆ ಹಂಚಿಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ.

ತಾಂಡಕ್ಕೆ ಬಸ್ಸಿಲ್ಲ. ಬುಡದಲ್ಲಿ ಇಳಿದು, ಸೀತಾಫಲದ ಪೊದೆಗಳ ನಡುವಿನ ಕಲ್ಲುದಾರಿಯಲ್ಲಿ ಹತ್ತಬೇಕು. ಮೇಲೆ ಲಂಬಾಣಿ ಮನೆಗಳು, ನಡುವೆ ದೊಡ್ಡ ಬೇವಿನ ಮರ, ಮರದ ಎದುರು ಲಂಬಾಣಿಗರ ಸಂತ ಸೇವಾಲಾಲರ ಗುಡಿ. ತಾಂಡದ ಹೆಚ್ಚಿನವರು ಅವರ ಹುಟ್ಟೂರು ಸೂರಗೊಂಡನಕೊಪ್ಪಕ್ಕೆ ನಡೆದು ಹೋಗಿ ಬರುವ ಭಕ್ತರು. ಕ್ರೈಸ್ತ ಮನೆಗಳು ಮೂರೇ ಮೂರು. ಅವರಿಗಾಗಿ ನಾನು ಹತ್ತುತ್ತಿದ್ದೆ. ಉಳಿದವರು ನನ್ನನ್ನು ಕಂಡರೆ ನೀರು ಕೊಡುತ್ತಿದ್ದರು, ಮಾತಾಡಿಸುತ್ತಿದ್ದರು, ಅಷ್ಟರಲ್ಲಿಯೇ ನಿಲ್ಲಿಸುತ್ತಿದ್ದರು. ನನಗೂ ಅದು ಸಾಕಾಗಿತ್ತು.

ಆ ಮೂರರಲ್ಲಿ ಒಂದು ಮನೆಯ ಹುಡುಗಿಗೆ ಮದುವೆ ನಿಶ್ಚಯವಾಯಿತು. ವರ ಜಗಳೂರು ಕಡೆಯ ತಾಂಡದವನು, ಮೆಕ್ಕೆಜೋಳ ಒಕ್ಕುವ ಯಂತ್ರ ಓಡಿಸುವವನು, ಅವನೂ ನಮ್ಮ ಸಭೆಯವನೇ. ಈಸ್ಟರ್ ಕಳೆದ ಮೇಲೆ ದಿನ ಗೊತ್ತುಮಾಡಿದೆವು. ಮದುವೆ ನಡೆಸುವುದರಲ್ಲಿ ನನಗೊಂದು ಕ್ರಮವಿದೆ. ಮೂರು ಭಾನುವಾರ ಎರಡೂ ಕಡೆಯ ಸಭೆಗಳಲ್ಲಿ ಪ್ರಕಟಣೆ ಓದಬೇಕು; ಯಾರದಾದರೂ ತಕರಾರಿದ್ದರೆ ಆಗಲೇ ಹೇಳಬೇಕು. ಮದುಮಕ್ಕಳಿಗೆ ಪ್ರತಿಜ್ಞೆಯ ಅರ್ಥ ತಿಳಿಸುವ ಪಾಠ ಆಗಬೇಕು. ಮದುವೆಯ ದಿನ ಗೀತೆ, ಪ್ರಾರ್ಥನೆ, ವಾಚನ, ಪ್ರತಿಜ್ಞೆ, ತಾಳಿ ಮತ್ತು ಉಂಗುರ, ಚಿಕ್ಕ ಉಪದೇಶ, ರಿಜಿಸ್ಟರಿಗೆ ಸಹಿ, ಕೊನೆಗೆ ಆಶೀರ್ವಾದ. ಹೇಳಿದ ಹೊತ್ತಿಗೆ ಶುರು, ಹೇಳಿದ ಹೊತ್ತಿಗೆ ಮುಕ್ತಾಯ. ಜಗಳೂರಿನವರು ಬಾಡಿಗೆ ಟೆಂಪೊದಲ್ಲಿ ಬರುವವರು. ಕೆಳಗೆ ಚರ್ಚಿನಲ್ಲಿ ಮದುವೆ ಮುಗಿಸಿ, ಊಟ ಮಾಡಿ, ಅಲ್ಲಿಂದಲೇ ಮದುಮಗಳನ್ನು ಕರೆದುಕೊಂಡು ಕತ್ತಲಾಗುವುದರೊಳಗೆ ಊರು ಸೇರುವುದೆಂದು ಮಾತಾಗಿತ್ತು.

ಪಾಠ ಹೇಳಲು ಒಂದು ಗುರುವಾರ ಹತ್ತಿ ಹೋದಾಗ ಆ ಮನೆಯೊಳಗಿಂದ ಹೆಂಗಸರ ಅಳು ಕೇಳಿಸಿತು. ಏರುತ್ತ, ಇಳಿಯುತ್ತ, ಒಬ್ಬರ ಹಿಂದೆ ಒಬ್ಬರು. ಹಿಂದಿನ ವಾರ ಹುಡುಗಿಯ ಅಜ್ಜಿಗೆ ಕೆಮ್ಮು ಜೋರಾಗಿತ್ತು. ನನಗೆ ಅನುಮಾನವೇ ಉಳಿಯಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಚೀಲದಿಂದ ಪುಸ್ತಕ ತೆಗೆದು, ಸಾವಿನ ಮನೆಯಲ್ಲಿ ಓದುವ ಪ್ರಾರ್ಥನೆಯ ಪುಟ ಬಿಡಿಸಿಕೊಂಡು, ತಲೆ ತಗ್ಗಿಸಿ ಒಳಗೆ ಹೋದೆ. ಮೊದಲ ಸಾಲನ್ನು ಗಟ್ಟಿಯಾಗಿ ಓದಿಯೂಬಿಟ್ಟೆ.

ಅಳು ನಿಂತಿತು. ತಲೆಯೆತ್ತಿ ನೋಡಿದರೆ ಅಜ್ಜಿ ನಡುವೆ ಕೂತಿದ್ದಾರೆ, ಮೊಮ್ಮಗಳು ಅವರ ಕುತ್ತಿಗೆಗೆ ಜೋತುಬಿದ್ದಿದ್ದಾಳೆ, ಸುತ್ತ ನಾಲ್ಕಾರು ಹೆಂಗಸರು ಬಾಯಿಗೆ ಸೆರಗು ಹಿಡಿದು ನನ್ನನ್ನೇ ನೋಡುತ್ತಿದ್ದಾರೆ.

"ಯಾರು ಸತ್ರು ಅಂತ ಓದಾಕ್ ಬಂದ್ರಿ ಅಯ್ಯನೋರೇ?" ಅಜ್ಜಿ ಕೇಳಿದರು. "ನಾನಾ? ನಾನಿನ್ನೂ ಇಲ್ಲೇ ಕುಂತೀನಲ್ಲ!"

"ಓದ್ಲಿ ಬಿಡು ಯಾಡಿ," ಎಂದಳು ಒಬ್ಬಳು. "ಮುಂಚೇನೇ ಓದಿಸ್ಕೊಂಡ್ರೆ ಆಮೇಲೆ ಅವರು ಗುಡ್ಡ ಹತ್ತೋದು ತಪ್ಪುತ್ತೆ."

ಯಾಡಿ ಎಂದರೆ ತಾಯಿ. ಆ ಮುದುಕಿಯನ್ನು ತಾಂಡದವರೆಲ್ಲ ಹಾಗೇ ಕರೆಯುತ್ತಿದ್ದರು. ಹೆಂಗಸರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನು ಪುಸ್ತಕ ಮುಚ್ಚಿದೆ.

ಅದು ಸಾವಿನ ಅಳುವಲ್ಲ, ಪಾಠ. ಲಂಬಾಣಿ ಮದುಮಗಳು ಗಂಡನ ಮನೆಗೆ ಹೊರಡುವಾಗ ಒಬ್ಬೊಬ್ಬರನ್ನೇ ತಬ್ಬಿ, ಹಾಡಿನಲ್ಲಿ ಅಳುತ್ತ ಬೀಳ್ಕೊಳ್ಳಬೇಕು. ಅದಕ್ಕೆ ಢಾವಲೋ ಎನ್ನುತ್ತಾರೆ. ಅದನ್ನು ಮುದುಕಿಯರು ಮದುವೆಗೆ ಮುಂಚೆ ಕೂರಿಸಿಕೊಂಡು ಕಲಿಸುತ್ತಾರೆ. ನಾನು ಪ್ರತಿಜ್ಞೆಯ ಪಾಠ ಹೇಳಲು ಬರುವ ದಿನವೇ ಅಜ್ಜಿಯೂ ತಮ್ಮ ಪಾಠ ಇಟ್ಟುಕೊಂಡಿದ್ದರು, ಅಷ್ಟೇ.

ಆದರೆ ನಮ್ಮ ಸಭೆಯಲ್ಲಿ ಢಾವಲೋ ಇರಲಿಲ್ಲ. ನನಗಿಂತ ಬಹಳ ಹಿಂದೆ ಇದ್ದ ಸಭಾಪಾಲಕರು, ಆ ಹಾಡಿನಲ್ಲಿ ಬೇರೆ ದೇವರ ಹೆಸರು ಬರುತ್ತದೆಂದು ಅದನ್ನು ಬಿಡಿಸಿದ್ದರು. ಕೆಳಗೆ ಚರ್ಚಿನಲ್ಲಿ ಮದುವೆ, ಅಲ್ಲಿಂದಲೇ ಬೀಳ್ಕೊಡುಗೆ ಎಂಬ ಪದ್ಧತಿಯೂ ಅವರದೇ. ಈ ವಿಷಯವನ್ನು ಹುಡುಗಿಯ ತಂದೆ ಅಂಗಳದಲ್ಲಿ ನಿಂತು ಹಿಂಜರಿಯುತ್ತ ಹೇಳಿದ.

"ನಮ್ಮ ಅಣ್ಣ ಮದುವಿಗೆ ಬರಲ್ಲ ಅಂತಾನೆ ಪಾಸ್ಟರ್ರೇ. ತನ್ನ ಎದೆಗೆ ಬಿದ್ದು ಅಳದಿರೋ ಹುಡುಗಿ ತನಗೆ ಮಗಳು ಹೆಂಗಾಗ್ತಾಳೆ ಅಂತ ಕೇಳ್ತಾನೆ. ಅವನು ಬರ್ದಿದ್ರೆ ತಾಂಡದಾಗೆ ಯಾರೂ ಬರಲ್ಲ."

ಅಣ್ಣನೆಂದರೆ ತಾಂಡದ ನಾಯಕರು. ಅವರು ಸೇವಾಲಾಲರ ಭಕ್ತರು. ತಮ್ಮ ಕ್ರೈಸ್ತನಾದದ್ದಕ್ಕೆ ಜಗಳ ಮಾಡಿದವರಲ್ಲ, ಮೆಚ್ಚಿದವರೂ ಅಲ್ಲ. ಹುಡುಗಿ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಶಿಕ್ಷಕಿ ಆಗಲು ಓದಿದವಳು, ಮಾತು ನೇರ.

"ಊಟಕ್ಕೆ ಯಾರು ಬರ್ತಾರೆ ಬಿಡ್ತಾರೆ ಅನ್ನೋದಲ್ಲ ಪಾಸ್ಟರ್. ಹಬ್ಬಕ್ಕೆ ತವರಿಗೆ ಕರೆಯೋರು ದೊಡ್ಡಪ್ಪ. ಅವರು ಕರೀದಿದ್ರೆ ನಾನು ಈ ಗುಡ್ಡ ಹತ್ತೋ ಹಂಗಿಲ್ಲ. ನಮ್ಮ ಅತ್ತೆಗೆ ಆಗಿದ್ದು ನೋಡೀರಲ್ಲ."

ಆ ಅತ್ತೆಯನ್ನು ನಾನು ಬಲ್ಲೆ. ನಾಯಕರ ತಂಗಿ, ಅಜ್ಜಿಯ ಮಗಳು, ಚನ್ನಗಿರಿಯಲ್ಲಿ ಗಂಡನ ಜೊತೆ ಇರುವವರು. ಸೋಮವಾರದ ಪ್ರಾರ್ಥನೆ ನಡೆಯುವುದು ಅವರ ಮನೆಯಲ್ಲೇ. ಮುಂದಿನ ಸೋಮವಾರ ಎಲ್ಲರೂ ಹೋದ ಮೇಲೆ ಕೇಳಿದೆ.

"ಹೌದ್ರೀ, ನಾನು ಚರ್ಚಿಂದಾನೇ ಬಂದವಳು," ಎಂದರು ಅವರು, ಚಾಪೆ ಸುತ್ತುತ್ತ. "ನಗ್ತಾ ನಗ್ತಾ ಜೀಪ್ ಹತ್ತಿದೆ. ಎಲ್ಲಾರೂ ಚಪ್ಪಾಳೆ ಹೊಡೆದ್ರು. ಅಣ್ಣ ದೂರದಾಗೆ ನಿಂತಿದ್ದ. ಅವನ ಹತ್ರ ಹೋಗಾಕೆ ಬಿಡಲಿಲ್ಲ, ಹೊತ್ತಾಯ್ತು ಅಂದ್ರು. ಆ ವರ್ಷ ದೀಪಾವಳಿಗೆ ಅವನು ಕರೆಯಾಕೆ ಬರಲಿಲ್ಲ. ನಾನೂ ಕರೀದೆ ಹೋಗಲಿಲ್ಲ. ಆಮೇಲೆ ರೂಢಿ ಆಯ್ತು."

"ತಾಯಿಯನ್ನು ನೋಡುವುದಿಲ್ಲವೇ?"

"ಅವ್ವ ಬುಡಕ್ಕೆ ಇಳಿದು ಬರ್ತಾಳೆ. ಬಸ್‌ಸ್ಟ್ಯಾಂಡಿನಾಗೆ ಕುಂತು ಮಾತಾಡ್ತೀವಿ."

ಮಗಳು ತಾಯಿಯನ್ನು ನೋಡಲು ಬಸ್‌ಸ್ಟ್ಯಾಂಡಿಗೆ ಹೋಗುವುದು ನನ್ನ ಯಾವ ಕ್ರಮದಲ್ಲೂ ಇರಲಿಲ್ಲ. ಆ ವಾರವೆಲ್ಲ ಲೆಕ್ಕ ಹಾಕಿದೆ. ಮೊದಲು ನನಗೆ ಹೊಳೆದ ಉಪಾಯ ಸುಲಭದ್ದು. ಮದುವೆಯ ದಿನ ಬೆಳಿಗ್ಗೆ ಮನೆಯಲ್ಲೇ ಅತ್ತು ಮುಗಿಸಿ, ಮುಖ ತೊಳೆದು, ಕೆಳಗೆ ಚರ್ಚಿಗೆ ಬರಲಿ. ಗುರುವಾರ ಹೋಗಿ ಅಜ್ಜಿಗೆ ಹೇಳಿದೆ. ಅವರು ತಲೆ ಚಚ್ಚಿಕೊಂಡರು.

"ತಾಳಿ ಕಟ್ಟಿಸ್ಕೊಳ್ದೆ ಮನೆ ಬಿಡ್ತೀನಿ ಅಂತ ಅಳೋಳು ಯಾರು ಹೇಳ್ರಿ? ಓಡಿಹೋಗೋಳು! ಕಲಿಯೋದು ಬೇರೆ, ಅಳೋದು ಬೇರೆ. ತಾಳಿ ಆದಮೇಲೇ ಅಳಬೇಕು, ತಾಂಡದ ಮಣ್ಣಾಗೇ ಅಳಬೇಕು."

"ಹಾಗಾದರೆ ಮದುವೆ ಮುಗಿಸಿ ಮತ್ತೆ ಮೇಲೆ ಬರಲಿ."

"ಗಂಡನ ಜೊತೆ ಹೊರಟ ಹೆಣ್ಣು ತಿರುಗಿ ಮನೀಗೆ ಬಂದ್ರೆ ಜನ ಏನಂತಾರೆ? ಮದುವೆ ಮುರೀತು ಅಂತಾರೆ. ನಿಮಗೆ ಏನೂ ತಿಳಿಯಲ್ಲ ಅಯ್ಯನೋರೇ."

ಮದುವೆಗೆ ಮುಂಚೆ ಅಳುವಂತಿಲ್ಲ, ಮದುವೆಯಾದ ಮೇಲೆ ಹಿಂತಿರುಗುವಂತಿಲ್ಲ, ತಾಂಡ ಬಿಟ್ಟು ಬೇರೆಡೆ ಅಳುವಂತಿಲ್ಲ. ಇನ್ನು ನನ್ನ ಕಡೆಯದು: ನಾನು ಚರ್ಚು ಬಿಟ್ಟು ಬೇರೆಡೆ ಮದುವೆ ನಡೆಸಿದವನಲ್ಲ. ಗುಡ್ಡ ಇಳಿಯುತ್ತ ಯೋಚಿಸಿದೆ. ಈ ನಾಲ್ಕರಲ್ಲಿ ಮೂರು ಅವರದು, ನಾನು ಮುಟ್ಟುವಂತಿಲ್ಲ. ನಾಲ್ಕನೆಯದು ನನ್ನದು. ಹುಡುಗಿ ಕೆಳಗೆ ಬಂದು ಮೇಲೆ ಹೋಗಲಾಗದಿದ್ದರೆ ಚರ್ಚು ಮೇಲೆ ಹೋಗಬೇಕು. ಬುಡದ ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು.

ಅಲ್ಲಿಂದಲೇ ಸಭೆಯ ಮೇಲಧಿಕಾರಿಗಳಿಗೆ ಫೋನ್ ಮಾಡಿದೆ. "ನೀವಾ? ಚರ್ಚ್ ಹೊರಗೆ ಮದುವೆಯಾ?" ಎಂದು ಎರಡು ಸಲ ಕೇಳಿದರು. ನಾನು ಕಾರಣ ಹೇಳಿದೆ. ಅನುಮತಿ ಕೊಡುತ್ತೇನೆ, ರಿಜಿಸ್ಟರಿನಲ್ಲಿ ಸ್ಥಳ ಸರಿಯಾಗಿ ಬರೆಯಿರಿ, ಹಾಡಿನಲ್ಲಿ ಏನಿದೆಯೆಂದು ನೀವೇ ಕೇಳಿ ಖಾತ್ರಿ ಮಾಡಿಕೊಳ್ಳಿ ಎಂದರು. ಅವರು ಹೇಳದಿದ್ದರೂ ಕೇಳುತ್ತಿದ್ದೆ.

ಇನ್ನು ಜಾಗ. ತಾಂಡದಲ್ಲಿ ಜಾಗವೆಂದರೆ ನಾಯಕರ ಮಾತು. ಅವರ ಮನೆಗೆ ಹೋದೆ. ಬಿಳಿ ರುಮಾಲಿನ ಎತ್ತರದ ಆಳು, ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದರು.

"ಹುಡುಗಿ ಅಳ್ಲಿ ಅಂತ ಬಂದ್ರೋ, ಮ್ಯಾಲೆ ಚರ್ಚ್ ಕಟ್ಟಾಕೆ ದಾರಿ ಮಾಡಾಕ್ ಬಂದ್ರೋ?"

"ಒಂದು ದಿನದ ಮಟ್ಟಿಗೆ ನಾಯಕರೇ. ತಂದ ಸಾಮಾನನ್ನೆಲ್ಲ ಅದೇ ದಿನ ಇಳಿಸಿಕೊಂಡು ಹೋಗುತ್ತೇನೆ."

"ಮದುವೆ ಮಾಡ್ರಿ. ಊಟಕ್ಕೆ ಬಂದ ನಮ್ಮ ಜನಕ್ಕೆ ಪ್ರವಚನ ಮಾಡಂಗಿಲ್ಲ."

ನಲವತ್ತಕ್ಕೂ ಹೆಚ್ಚು ವರ್ಷ ಜನ ಸೇರಿದ ಕಡೆ ಮಾತಾಡುವುದೇ ನನ್ನ ಕೆಲಸ. ಇಡೀ ತಾಂಡ ಸೇರುವ ದಿನ ಬಾಯಿ ಮುಚ್ಚಿರಬೇಕು ಎಂದರೆ ಒಪ್ಪುವುದು ಸುಲಭವಲ್ಲ. ಆದರೆ ನಾನು ಹೋಗಿದ್ದು ಬೇರೆಯದನ್ನು ಕೇಳಲು.

"ಉಪದೇಶ ಚಿಕ್ಕದು, ಮದುಮಕ್ಕಳಿಗೆ ಮಾತ್ರ," ಎಂದೆ. "ಮೈಕ್ ತರುವುದಿಲ್ಲ."

ನಾಯಕರು ಮೊದಲ ಸಲ ಕೈ ನಿಲ್ಲಿಸಿದರು. "ಸುಮ್ನೆ ಇರಾಕೆ ಬರ್ತದೇನ್ರೀ ನಿಮಗೆ?"

"ಕಷ್ಟ. ಕಲಿಯುತ್ತೇನೆ."

"ಬೇವಿನ ಮರದ ಕೆಳಗೆ ಮಾಡ್ಕೊಳ್ರಿ," ಎಂದು ಮತ್ತೆ ಹಗ್ಗ ಹೊಸೆಯತೊಡಗಿದರು. ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಹಾಡಿನ ಪರೀಕ್ಷೆ ಅದೇ ದಿನ ನಡೆಯಿತು. ಅಜ್ಜಿ ಒಂದೊಂದು ಸಾಲು ಹಾಡುವುದು, ಮೊಮ್ಮಗಳು ಕನ್ನಡದಲ್ಲಿ ಅರ್ಥ ಹೇಳುವುದು, ನಾನು ಕೇಳುವುದು. ಅಪ್ಪಾ, ನಿನ್ನ ಹೆಗಲ ಮೇಲೆ ಕೂತು ಗುಡ್ಡದ ಆಚೆಯ ಊರು ನೋಡಿದೆ, ಈಗ ಆ ಊರಿಗೇ ಕಳಿಸುತ್ತೀಯಾ ಎಂಬಂಥ ಮಾತುಗಳು. ಒಂದು ಕಡೆ, ಮನೆ ಕಾಯಲಿ ಎಂದು ದೇವಿಯ ಹೆಸರು ಬಂತು. ಹುಡುಗಿ ನನ್ನ ಮುಖ ನೋಡಿದಳು.

"ಅಲ್ಲಿ ನಾನು ಬಾಯಿ ಮುಚ್ಕೊಂತೀನಿ, ನೀವು ಕಿವಿ ಮುಚ್ಕೊಳ್ರಿ," ಎಂದರು ಅಜ್ಜಿ.

"ಯಾಡಿ, ಸುಮ್ನಿರು," ಎಂದಳು ಮೊಮ್ಮಗಳು. "ಪಾಸ್ಟರ್, ಇದು ಅಜ್ಜಿ ತನ್ನ ಮದುವೇಲಿ ಹಾಡಿದ್ದು. ರಾಗ, ಶುರು ಮಾಡೋ ರೀತಿ ಅಷ್ಟೇ ಕಲಿಸೋದು. ಮಾತು ಅವರವರೇ ಕಟ್ಕೋಬೇಕು. ನಾನು ನನ್ನ ದೇವರನ್ನೇ ಕರೀತೀನಿ."

ಬರೆದಿಟ್ಟ ಹಾಡೇ ಅಲ್ಲ ಅದು. ಇಷ್ಟು ವರ್ಷ ನಿಷೇಧಿಸಿದ್ದು ಒಬ್ಬ ಮುದುಕಿಯ ಮಾತನ್ನು. ತಪ್ಪಿಹೋದದ್ದು ಪ್ರತಿ ಮದುಮಗಳ ಮಾತು. ಹಿಂದಿನ ಸಭಾಪಾಲಕರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕೂತು ಕೇಳುವಷ್ಟು ವ್ಯವಧಾನ ಅವರಿಗೆ ಯಾರೂ ಕೊಟ್ಟಿರಲಿಲ್ಲವೇನೋ.

ಮದುವೆಯ ಹಿಂದಿನ ದಿನ ಸಾಮಾನು ಸಾಗಿಸಿದೆವು. ಹತ್ತಿರದ ಹಳ್ಳಿ ಗೋವಿನಕೋವಿಯ ರೈತರೊಬ್ಬರು ಟ್ರ್ಯಾಕ್ಟರ್ ಕೊಟ್ಟಿದ್ದರು. ಬೆಂಚುಗಳು, ಮೇಜು, ಅದರ ಬಿಳಿ ಬಟ್ಟೆ, ಮರದ ಶಿಲುಬೆ, ಹಾರ್ಮೋನಿಯಂ, ರಿಜಿಸ್ಟರಿನ ಪೆಟ್ಟಿಗೆ. ಬೆಂಚಿನ ಕಾಲುಗಳಿಗೆ ಗೋಣಿ ಸುತ್ತಿ, ಹಾರ್ಮೋನಿಯಂಗೆ ಹಾಸಿಗೆ ಹಾಕಿ ಕಟ್ಟಿಸಿದ್ದೆ. ಎಲ್ಲವೂ ಸರಿಯಾಗಿತ್ತು, ದಾರಿಯೊಂದು ಬಿಟ್ಟು. ಅರ್ಧ ಗುಡ್ಡದಲ್ಲಿ ಬಂಡೆಯ ತಿರುವು ಬಂತು. ಟ್ರ್ಯಾಕ್ಟರ್ ಮುಂಗಾಲು ಎತ್ತಿತು. ಚಾಲಕ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ.

"ಇನ್ನು ಮ್ಯಾಲೆ ಹೋದ್ರೆ ನನಗೂ ನೀವೇ ಪ್ರಾರ್ಥನೆ ಓದಬೇಕಾಗ್ತದೆ," ಎಂದ. ಆ ಗುರುವಾರದ ಕಥೆ ಗೋವಿನಕೋವಿಗೂ ತಲುಪಿತ್ತು.

ನಮ್ಮ ಮೂರು ಮನೆಯವರು ಹೊರಲು ಶುರುಮಾಡಿದರು. ಮೇಲೆ ಬಂಡೆಯ ಮೇಲೆ ತಾಂಡದ ಗಂಡಸರು ಕೂತು ನೋಡುತ್ತಿದ್ದರು. ಒಬ್ಬರೂ ಇಳಿಯಲಿಲ್ಲ. ಹುಡುಗಿಯ ತಂದೆ ಮೇಜಿನ ಒಂದು ತುದಿ ಹಿಡಿದು ಎಡವಿದ. ಇನ್ನೊಂದು ತುದಿ ಹಿಡಿದಿದ್ದ ನಾನೂ ಕೂತೇಬಿಟ್ಟೆ. ಆಗ ಬಂಡೆಯ ಹಿಂದಿನಿಂದ ನಾಯಕರ ಧ್ವನಿ ಕೇಳಿತು.

"ಏನ್ರೋ ನೋಡ್ತೀರಿ, ಟಿವಿ ಹಾಕೈತಾ? ಮನೆ ಮಗಳ ಮದುವೆ ಸಾಮಾನು ಅದು. ಇಳೀರಿ ಕೆಳಗೆ!"

ಅವರೂ ಇಳಿದು ಬಂದು ಹಾರ್ಮೋನಿಯಂ ಎತ್ತಿ ಹೆಗಲಿಗಿಟ್ಟುಕೊಂಡರು. "ಇದು ಚೆನ್ನಾಗೈತೆ," ಎಂದರು ನನ್ನ ಕಡೆ ತಿರುಗಿ. "ನಮ್ಮ ಭಜನೆಗೂ ಒಂದಿನ ಕೊಡ್ರಿ." ಕೊಡುತ್ತೇನೆ ಎಂದೆ.

ಮರುದಿನ ಹೇಳಿದ ಹೊತ್ತಿಗೆ ಸರಿಯಾಗಿ ಆರಾಧನೆ ಶುರುಮಾಡಿದೆ. ಜಗಳೂರಿನವರು ಟೆಂಪೊವನ್ನು ಬಂಡೆಯ ಕೆಳಗೆ ನಿಲ್ಲಿಸಿ ನಡೆದು ಬಂದಿದ್ದರು. ಚನ್ನಗಿರಿಯ ಅತ್ತೆಯೂ ಬಂದಿದ್ದರು. ನಾನು ಸೋಮವಾರ ಕರೆದಿದ್ದೆ. ಅವರು ಬೆಂಚಿನ ಕೊನೆಯಲ್ಲಿ, ಎದ್ದು ಹೋಗಲು ಅನುಕೂಲವಾಗುವಂತೆ ಕೂತಿದ್ದರು. ನಾಯಕರು ಗುಡಿಯ ಕಟ್ಟೆಯ ಮೇಲೆ, ಪೂರ್ತಿ ಸೇರಲೂ ಆರದೆ, ಪೂರ್ತಿ ದೂರವಾಗಿಯೂ ಇರದೆ ಕೂತಿದ್ದರು. ತಾಂಡದವರು ಅವರ ಹಿಂದೆ ನಿಂತಿದ್ದರು. ಪ್ರತಿಜ್ಞೆ, ತಾಳಿ, ಉಂಗುರ ಎಲ್ಲ ಆಯಿತು. ಉಪದೇಶವನ್ನು ಮದುಮಕ್ಕಳಿಗಷ್ಟೇ ಕೇಳುವ ಧ್ವನಿಯಲ್ಲಿ ಮುಗಿಸಿದೆ. ಸಹಿ ಹಾಕಿಸಿದೆ, ಸ್ಥಳದ ಜಾಗದಲ್ಲಿ ತಾಂಡದ ಹೆಸರು ಬರೆದೆ. ಆಶೀರ್ವಾದ ಹೇಳಿ ಕೈ ಇಳಿಸಿದೆ.

ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಹುಡುಗಿಯದು ಶುರುವಾಯಿತು.

ಮೊದಲು ತಾಯಿ, ಆಮೇಲೆ ಅಜ್ಜಿ, ಆಮೇಲೆ ತಂದೆ. ಒಬ್ಬೊಬ್ಬರ ಕುತ್ತಿಗೆಗೆ ಕೈಹಾಕಿ, ತಲೆ ಅವರ ಭುಜಕ್ಕೊರಗಿಸಿ, ಏರುವ ರಾಗದಲ್ಲಿ ಅವರಿಗೇ ಸಲ್ಲುವ ಮಾತು. ನನಗೆ ಭಾಷೆ ತಿಳಿಯದು. ನಡುವೆ ಯೇಸುವಿನ ಹೆಸರು ಒಂದೆರಡು ಸಲ ಕೇಳಿಸಿತು. ಮದುಮಗ ಪಾಪ ಯಾರೂ ಮಾತಾಡಿಸದೆ ಮೇಜಿನ ಹತ್ತಿರ ನನ್ನ ಜೊತೆ ನಿಂತಿದ್ದ.

ಆಕೆ ಕಟ್ಟೆಯ ಕಡೆ ನಡೆದಳು. ನಾಯಕರು ಎದ್ದು ನಿಂತರು. ಆಕೆ ತಬ್ಬಿದಾಗಲೂ ಕಂಬದ ಹಾಗೆ ನಿಂತೇ ಇದ್ದರು. ಅವಳು ಹಾಡಿದಳು, ಉಸಿರು ತೆಗೆದುಕೊಂಡಳು, ಮತ್ತೆ ಹಾಡಿದಳು. ಅವರ ಕೈ ನಿಧಾನವಾಗಿ ಮೇಲೆ ಬಂದು ಅವಳ ತಲೆಯ ಮೇಲೆ ಕೂತಿತು. ರುಮಾಲಿನ ತುದಿಯಿಂದ ಮುಖ ಮುಚ್ಚಿಕೊಂಡರು.

ಅಷ್ಟರಲ್ಲಿ ಕೊನೆಯ ಬೆಂಚಿನಿಂದ ಇನ್ನೊಂದು ಧ್ವನಿ ಎದ್ದಿತು. ಚನ್ನಗಿರಿಯ ಅತ್ತೆ. ಎದ್ದು ಬಂದವರು ಅಣ್ಣನ ಇನ್ನೊಂದು ಭುಜಕ್ಕೆ ಜೋತುಬಿದ್ದರು. ಹುಡುಗಿ ಮೆಲ್ಲನೆ ಸರಿದು ಅವರಿಗೆ ಜಾಗ ಬಿಟ್ಟಳು. ಬೆಳೆದ ಮಕ್ಕಳಿರುವ ಹೆಂಗಸು, ಆ ಹೊತ್ತಿಗೆ ಮದುಮಗಳ ಹಾಗೆಯೇ ಹಾಡಿ ಅತ್ತರು. ಅಜ್ಜಿ ನೆಲದ ಮೇಲೆ ಕೂತುಬಿಟ್ಟರು. ತಾಂಡದ ಹೆಂಗಸರು ಯಾರೂ ಹೇಳದೆ ಸುತ್ತ ಬಂದು ನಿಂತರು.

ಕೆಳಗೆ ಟೆಂಪೊ ಹಾರ್ನ್ ಹೊಡೆಯಿತು. ಇನ್ನೊಮ್ಮೆ, ಉದ್ದಕ್ಕೆ. ನಿಶ್ಚಯಿಸಿದ ಹೊತ್ತು ಮೀರಿ ಬಹಳವಾಗಿತ್ತು. ನಾನು ಬಂಡೆಯ ತನಕ ಇಳಿದು ಹೋದೆ.

"ಇಂಜಿನ್ ಆಫ್ ಮಾಡಪ್ಪ," ಎಂದೆ.

"ಕತ್ಲಾಗ್ತದೆ ಸಾರ್. ಜಗಳೂರೇನು ಇಲ್ಲೇ ಐತಾ? ಇನ್ನೂ ಎಷ್ಟೊತ್ತು?"

"ಆದಷ್ಟು ಹೊತ್ತು. ಬಾ, ಮೇಲೆ ಬಂದು ಊಟ ಮಾಡು."

ತಿರುಗಿ ಬಂದಾಗ ಅಳು ತಣ್ಣಗಾಗಿತ್ತು. ಅತ್ತೆ ಮುಖ ತೊಳೆದು ಬಡಿಸುವವರ ಜೊತೆ ಸೇರಿಕೊಂಡಿದ್ದರು, ಅಲ್ಲೇ ಇದ್ದವರ ಹಾಗೆ. ಊಟವಾಗಿ ಎಲ್ಲರೂ ಬಂಡೆಯ ತನಕ ಮದುಮಗಳನ್ನು ಕಳಿಸಲು ಇಳಿದರು. ಟೆಂಪೊ ಹತ್ತುವ ಮೊದಲು ನಾಯಕರು ಹುಡುಗಿಯನ್ನು ಕೇಳಿದರು.

"ದೀಪಾವಳಿಗೆ ಕರೆದ್ರೆ ಬರ್ತೀಯೋ, ನಿಮ್ಮ ಹಬ್ಬಕ್ಕೆ ಕರೀಬೇಕೋ?"

"ಎರಡಕ್ಕೂ ಕರೀರಿ ದೊಡ್ಡಪ್ಪ."

"ಆಸೆ ನೋಡು ಇವಳಿಗೆ!" ಎಂದರು. ಅವಳು ನಗುತ್ತ ಕಣ್ಣೊರೆಸಿಕೊಂಡಳು. ಟೆಂಪೊ ಹೊರಟಿತು.

ಅದು ತಿರುವಿನಲ್ಲಿ ಮರೆಯಾಗುವ ತನಕ ನಾಯಕರು ನಿಂತಿದ್ದರು. ಆಮೇಲೆ ನನ್ನ ಹತ್ತಿರ ಬಂದರು.

"ಜಗಳೂರಿಗೆ ಬಸ್ಸು ಹೆಂಗ್ರೀ?"

ಇದಕ್ಕೆ ನಾನು ಪುಸ್ತಕ ನೋಡಬೇಕಾಗಿಲ್ಲ. ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು. ಎಲ್ಲೆಲ್ಲಿ ಕಾಯಬೇಕು, ಯಾವುದು ಬೇಗ ತುಂಬುತ್ತದೆ ಎಂದೆಲ್ಲ ಹೇಳಿದೆ.

"ಬರುವಾಗ ಚನ್ನಗಿರಿ ಮ್ಯಾಲೆ ಬರಬೇಕು," ಎಂದರು. "ಅಲ್ಲಿಂದಾನೂ ಒಬ್ಬಳನ್ನ ಕರ್ಕೊಂಡು ಬರಬೇಕಲ್ಲ."

"ಅದು ಸುತ್ತಾಗುತ್ತದೆ ನಾಯಕರೇ."

"ಆಗ್ಲಿ ಬಿಡ್ರಿ," ಎಂದು ಅವರು ಹಾರ್ಮೋನಿಯಂ ಇಳಿಸಿ ತಂದು ಟ್ರ್ಯಾಕ್ಟರಿಗೆ ಕಟ್ಟಲು ಮತ್ತೆ ಗುಡ್ಡ ಹತ್ತತೊಡಗಿದರು.